ವಂಶಪತ್ರಿಕೆಯೂ ಹೊಣೆಗಾರಿಕೆಯೂ

ನಾಯಿಮರಿಯೊಂದನ್ನು ಕೊಂಡು ತರಬೇಕೆಂದು ಮನಸ್ಸು ಮಾಡಿದ ನಮ್ಮ ನಗರಗಳ ಗೃಹಸ್ಥರಲ್ಲಿ ಈಚಿನ ದಿನಗಳಲ್ಲಿ ಒಂದು ಅಭಿಪ್ರಾಯವು ಯಾರೂ ಪ್ರಶ್ನಿಸದ ನಂಬಿಕೆಯಾಗಿ ನೆಲೆಗೊಂಡಿದೆ. ಮರಿಗೆ ಕೆನಲ್ ಕ್ಲಬ್ಬಿನ ಪೇಪರ್ ಇದ್ದರೆ ಅದು ಒಳ್ಳೆಯ ಮರಿ, ಪೇಪರ್ ಮಾಡಿಸಿಕೊಡುವವನು ಒಳ್ಳೆಯ ಬ್ರೀಡರ್, ಅದಕ್ಕಿಂತ ಹೆಚ್ಚಿನ ವಿಚಾರಣೆ ಅನಾವಶ್ಯಕ ಎಂಬುದೇ ಆ ಅಭಿಪ್ರಾಯ. ಕೊಳ್ಳಬಂದವನು ಕೇಳುವ ಮೊದಲ ಪ್ರಶ್ನೆ ಪೇಪರ್ ಇದೆಯೇ ಎಂಬುದು. ಎರಡನೆಯದು ಬೆಲೆ ಎಷ್ಟೆಂಬುದು. ಮೂರನೆಯದು ಮರಿ ಎಂದು ಕೈಗೆ ಸಿಗುವುದೆಂಬುದು. ಹತ್ತು ಹನ್ನೆರಡು ವರ್ಷಗಳ ಕಾಲ ತನ್ನ ಹೊಸ್ತಿಲೊಳಗೆ, ತನ್ನ ಮಕ್ಕಳ ನಡುವೆ, ತನ್ನ ಕರುಣೆಯೊಂದನ್ನೇ ನಂಬಿ ಬಾಳಬೇಕಾದ ಜೀವವನ್ನು ಬರಮಾಡಿಕೊಳ್ಳುವ ಗಳಿಗೆಯಲ್ಲಿ, ಅದರ ತಾಯಿ ಎಲ್ಲಿದೆ, ಎಂತಹ ಸ್ಥಿತಿಯಲ್ಲಿದೆ, ಇದು ಅದಕ್ಕೆ ಎಷ್ಟನೆಯ ಸೂಲು, ತಂದೆತಾಯಿಗಳ ಕೀಲುಗಳನ್ನೂ ಕಣ್ಣುಗಳನ್ನೂ ಹೃದಯವನ್ನೂ ಯಾರಾದರೂ ಪರೀಕ್ಷಿಸಿದ್ದಾರೆಯೇ, ಮರಿಯು ಹುಟ್ಟಿದಂದಿನಿಂದ ಎಂತಹ ಕೈಗಳಲ್ಲಿ ಬೆಳೆಯಿತು ಎಂಬ ಪ್ರಶ್ನೆಗಳು ಅವನ ನಾಲಗೆಗೆ ಬರುವುದೇ ಇಲ್ಲ. ಈ ಅಭಿಪ್ರಾಯವು ತಪ್ಪೆಂದೂ, ತಪ್ಪಾಗಿರುವುದರ ಜೊತೆಗೆ ಮೂಕಪ್ರಾಣಿಗಳ ನೋವಿಗೆ ಮೂಲವಾಗಿದೆಯೆಂದೂ ನಾನು ನಂಬಿದ್ದೇನೆ. ಅದನ್ನು ಖಂಡಿಸುವುದೇ ಈ ಬರಹದ ಉದ್ದೇಶ.

ಖಂಡನೆಗೆ ಹೊರಟವನು ಮೊದಲು ಪೂರ್ವಪಕ್ಷವನ್ನು ಅದರ ಬಲವೆಲ್ಲ ತೋರುವಂತೆ ಹೇಳತಕ್ಕದ್ದು ನಮ್ಮ ಹಿರಿಯರು ಹಾಕಿಕೊಟ್ಟ ಕ್ರಮ. ಪೇಪರನ್ನು ನೆಚ್ಚಿದವರು ಹೇಳುವುದು ಹೀಗೆ: ನಾಯಿಮರಿಗಳ ಮಾರಾಟದಲ್ಲಿ ವಂಚನೆ ಹೇರಳವಾಗಿದೆ, ಬೆರಕೆ ಮರಿಯನ್ನು ಲ್ಯಾಬ್ರಡಾರ್ ಎಂದು ಮಾರುವವರಿದ್ದಾರೆ, ಒಂದು ತಿಂಗಳ ಮರಿಯನ್ನು ನೋಡಿ ಅದು ಬೆಳೆದು ಏನಾಗುವುದೆಂದು ಹೇಳಲು ಕೊಳ್ಳುವವನು ಪಶುವೈದ್ಯನೂ ಅಲ್ಲ, ತಳಿಶಾಸ್ತ್ರಜ್ಞನೂ ಅಲ್ಲ, ಇಂತಹ ಸ್ಥಿತಿಯಲ್ಲಿ ಸ್ಥಿರವಾದ ಸಂಸ್ಥೆಯೊಂದು ತನ್ನ ದಾಖಲೆಯನ್ನು ನೋಡಿ ಕೊಡುವ ಲಿಖಿತ ಸಾಕ್ಷ್ಯಕ್ಕಿಂತ ಮೇಲಾದ ಆಧಾರ ಸಾಮಾನ್ಯನಿಗೆ ಬೇರೆ ಯಾವುದಿದೆ? ಇಷ್ಟಕ್ಕೂ, ಮರಿಗಳನ್ನು ನೋಂದಾಯಿಸುವಷ್ಟು ಶ್ರದ್ಧೆಯುಳ್ಳವನು ಅವುಗಳ ಆರೋಗ್ಯದಲ್ಲಿಯೂ ಶ್ರದ್ಧೆಯುಳ್ಳವನೇ ಆಗಿರಬೇಕಲ್ಲವೆ? ಈ ವಾದದ ಪೂರ್ವಾರ್ಧವನ್ನು ನಾನು ಒಪ್ಪುತ್ತೇನೆ. ಮರಿಯ ತಳಿ ಯಾವುದೆಂಬ ವಿಷಯದಲ್ಲಿ ಪೇಪರ್ ಒಂದು ಸಾಕ್ಷಿ, ಉಪಯುಕ್ತವಾದ ಸಾಕ್ಷಿ. ಆದರೆ ಉತ್ತರಾರ್ಧದಲ್ಲಿ, ಅಂದರೆ ವಂಶಕ್ಕೆ ಸಾಕ್ಷಿಯಾದುದನ್ನು ಆರೋಗ್ಯಕ್ಕೂ ಸ್ವಭಾವಕ್ಕೂ ಮಾರುವವನ ಶೀಲಕ್ಕೂ ಸಾಕ್ಷಿಯಾಗಿ ಹಿಗ್ಗಿಸುವಲ್ಲಿ, ಇಡೀ ಅನರ್ಥದ ಬೀಜವಿದೆ.

ಆ ಪತ್ರವು ಯಾವ ಪ್ರಯೋಜನಕ್ಕಾಗಿ ಹುಟ್ಟಿತೆಂಬುದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಕೆನಲ್ ಕ್ಲಬ್ ಎಂಬ ಸಂಸ್ಥೆ ಮೊತ್ತಮೊದಲು ಸ್ಥಾಪಿತವಾದುದು 1873ರಲ್ಲಿ, ಇಂಗ್ಲೆಂಡಿನಲ್ಲಿ. ನಾಯಿಗಳ ಪ್ರದರ್ಶನಗಳು ಅಲ್ಲಿ ಬಳಕೆಗೆ ಬಂದಿದ್ದ ಕಾಲವದು. ಒಂದೇ ಹೆಸರಿನ ಹಲವು ನಾಯಿಗಳು ಸ್ಪರ್ಧೆಗೆ ಬಂದು ಯಾವುದು ಯಾವುದೆಂಬ ಗೊಂದಲವುಂಟಾಗುತ್ತಿದ್ದುದರಿಂದ, ಪ್ರತಿಯೊಂದಕ್ಕೂ ನಿಶ್ಚಿತವಾದ ಹೆಸರನ್ನೂ ತಂದೆತಾಯಿಗಳನ್ನೂ ಬರೆದಿಡುವ ವಂಶಗ್ರಂಥವೊಂದು ಬೇಕಾಯಿತು. ಚೆನ್ನೈಯಲ್ಲಿ ಕೇಂದ್ರ ಕಚೇರಿಯುಳ್ಳ ನಮ್ಮ ದೇಶದ ಕೆನಲ್ ಕ್ಲಬ್ಬೂ ಇದೇ ಸಂಪ್ರದಾಯದಲ್ಲಿ ನಡೆದುಬಂದಿರುವ ಸಂಸ್ಥೆ. ಇಂತಹ ಪತ್ರಗಳು ಬಹುಮಟ್ಟಿಗೆ ಮರಿ ಹಾಕಿಸಿದವನೇ ಕೊಟ್ಟ ವಿವರದ ಮೇಲೆ ನಿಂತಿರುವುವು. ಈ ಮರಿ ಇಂತಹ ಗಂಡಿಗೂ ಇಂತಹ ಹೆಣ್ಣಿಗೂ ಇಂತಹ ದಿನ ಹುಟ್ಟಿತು ಎಂಬಷ್ಟನ್ನು ಅವು ಹೇಳುತ್ತವೆ. ಆ ಹೆಣ್ಣು ಕತ್ತಲೆಯ ಕೋಣೆಯೊಂದರಲ್ಲಿ ಕಬ್ಬಿಣದ ಪಂಜರದೊಳಗೆ ಹೆತ್ತಿತೇ, ಮನೆಯ ಜಗಲಿಯ ಮೇಲೆ ಹೆತ್ತಿತೇ ಎಂಬುದನ್ನು ಅವು ಹೇಳುವುದಿಲ್ಲ. ಹೇಳುವೆವೆಂದು ಮಾತು ಕೊಟ್ಟೂ ಇಲ್ಲ. ಆದುದರಿಂದ ನನ್ನ ಆಕ್ಷೇಪಣೆ ಆ ಸಂಸ್ಥೆಗಳ ಮೇಲಲ್ಲ, ಅವು ಹೇಳದುದನ್ನು ಅವುಗಳ ಬಾಯಲ್ಲಿ ಹೇಳಿಸುವ ಕೊಳ್ಳುವವರ ಮೇಲೆ. ಜಾತಕ ಕೂಡಿಬಂತೆಂಬ ಒಂದೇ ಸಮಾಧಾನದಿಂದ ವರನ ಆರೋಗ್ಯವನ್ನೂ ನಡತೆಯನ್ನೂ ವಿಚಾರಿಸದೆ ಮಗಳನ್ನು ಧಾರೆಯೆರೆದು ಕೊಟ್ಟ ತಂದೆಯು, ಮುಂದೆ ಅವಳ ಕಣ್ಣೀರಿಗೆ ಜೋಯಿಸನನ್ನು ಹೊಣೆಮಾಡಿದರೆ ನಾವು ಒಪ್ಪುವೆವೇ?

ಮಾರುಕಟ್ಟೆಯ ಒಂದು ರೂಢಿಯೇ ನನ್ನ ಮಾತಿಗೆ ಪುಷ್ಟಿ ಕೊಡುತ್ತದೆ. ಒಂದೇ ಸೂಲಿನ ಮರಿಗಳನ್ನು ಪೇಪರ್ ಸಹಿತವಾದರೆ ಒಂದು ಬೆಲೆಗೆ, ಪೇಪರ್ ಬೇಡವೆಂದರೆ ಅದಕ್ಕಿಂತ ಕಡಿಮೆ ಬೆಲೆಗೆ ಕೊಡುವುದಾಗಿ ಹೇಳುವ ಮಾರಾಟಗಾರರನ್ನು ಬೆಂಗಳೂರಿನಲ್ಲಿ ಮರಿ ಹುಡುಕಿದವರೆಲ್ಲರೂ ಬಲ್ಲರು. ಒಂದೇ ತಾಯಿಯ ಹಾಲು ಕುಡಿದು ಒಂದೇ ಗೋಣಿಯ ಮೇಲೆ ಮಲಗಿದ ಎರಡು ಮರಿಗಳಲ್ಲಿ ಒಂದಕ್ಕೆ ಹೆಚ್ಚು ಹಣ ತೆತ್ತವನು ಆ ಹೆಚ್ಚಿನ ಹಣಕ್ಕೆ ಪ್ರತಿಯಾಗಿ ಪಡೆದದ್ದೇನು? ಮರಿಯ ಮೂಳೆಗೆ ಬಲ ಬಂದಿತೇ, ರಕ್ತಕ್ಕೆ ರೋಗನಿರೋಧಕ ಶಕ್ತಿ ಬಂದಿತೇ, ತಾಯಿಗೆ ಒಂದು ಹೊತ್ತಿನ ಊಟ ಹೆಚ್ಚಾಯಿತೇ? ಬೆಲೆಯ ಅಂತರವಿರುವುದು ಕಾಗದದಲ್ಲಿ, ಜೀವದಲ್ಲಿ ಅಂತರವಿಲ್ಲ. ಇದನ್ನು ಕಣ್ಣಾರೆ ಕಂಡ ಮೇಲೂ ಪೇಪರೇ ಗುಣದ ಪ್ರಮಾಣವೆನ್ನುವುದು ಪ್ರತ್ಯಕ್ಷವನ್ನು ಧಿಕ್ಕರಿಸಿದಂತೆ.

ಶುದ್ಧವಂಶವೆಂಬುದು ತನ್ನಷ್ಟಕ್ಕೆ ತಾನೇ ಕ್ಷೇಮಕರವೆಂಬ ಭಾವನೆಯನ್ನೂ ಇಲ್ಲಿ ಪರೀಕ್ಷಿಸಬೇಕು. ವಂಶಗ್ರಂಥದ ಬಾಗಿಲು ಮುಚ್ಚಿದ ಮೇಲೆ, ಅದರೊಳಗೆ ಸೇರಿದ ನಾಯಿಗಳು ತಮ್ಮತಮ್ಮೊಳಗೇ ಕೂಡಬೇಕಾಗುತ್ತದೆ. ಅದರಲ್ಲಿಯೂ ಪ್ರದರ್ಶನದಲ್ಲಿ ಗೆದ್ದ ಗಂಡುನಾಯಿಯೊಂದನ್ನು ಎಲ್ಲರೂ ಬಯಸುವುದರಿಂದ ಅದರ ಗುಣಗಳಂತೆ ದೋಷಗಳೂ ಇಡೀ ತಳಿಯಲ್ಲಿ ಹರಡುತ್ತವೆ. ಸಮೀಪದ ರಕ್ತಸಂಬಂಧ ಹೆಚ್ಚಿದಂತೆ, ಅಡಗಿದ್ದ ಕಾಯಿಲೆಗಳು ತಲೆಯೆತ್ತುತ್ತವೆ. 2008ರಲ್ಲಿ ಬಿಬಿಸಿ ಪ್ರಸಾರ ಮಾಡಿದ ಒಂದು ಸಾಕ್ಷ್ಯಚಿತ್ರವು ಶುದ್ಧತಳಿಯ ನಾಯಿಗಳ ಈ ದುಃಸ್ಥಿತಿಯನ್ನು ಇಂಗ್ಲೆಂಡಿನ ಜನರ ಮುಂದಿಟ್ಟಿತು. ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ಎಂಬ ಮುದ್ದಿನ ತಳಿಯಲ್ಲಿ ತಲೆಬುರುಡೆಯು ಮೆದುಳಿಗೆ ಸಾಲದಷ್ಟು ಕಿರಿದಾಗಿ, ಬೆನ್ನುಹುರಿಯೊಳಗೆ ದ್ರವ ತುಂಬಿದ ಪೊಳ್ಳುಗಳುಂಟಾಗಿ, ನಾಯಿಯು ಸಹಿಸಲಾಗದ ನೋವಿನಿಂದ ನರಳುವುದನ್ನು ನೋಡಿ ಜನರು ತಲ್ಲಣಿಸಿದರು. ಆ ನಾಯಿಗಳಿಗೆ ಪೇಪರ್ ಇರಲಿಲ್ಲವೆ? ಇತ್ತು, ಹಲವು ತಲೆಮಾರುಗಳ ಹೆಸರುಗಳೂ ಬಹುಮಾನಗಳೂ ತುಂಬಿದ ನಿಷ್ಕಳಂಕವಾದ ಪೇಪರೇ ಇತ್ತು. ಮರುವರ್ಷ ಬಿಬಿಸಿಯು ಕ್ರಫ್ಟ್ಸ್ ಎಂಬ ಜಗತ್ಪ್ರಸಿದ್ಧ ಪ್ರದರ್ಶನವನ್ನು ಪ್ರಸಾರ ಮಾಡಲಿಲ್ಲ. ಅಲ್ಲಿನ ಕೆನಲ್ ಕ್ಲಬ್ ತಂದೆ ಮಗಳಿಗೆ, ತಾಯಿ ಮಗನಿಗೆ, ಒಡಹುಟ್ಟಿದವುಗಳಿಗೆ ಹುಟ್ಟಿದ ಮರಿಗಳನ್ನು ನೋಂದಾಯಿಸುವುದನ್ನು ನಿಲ್ಲಿಸಿತು. 2010ರಲ್ಲಿ ಕೇಂಬ್ರಿಜ್ಜಿನ ಪ್ರಾಣಿವರ್ತನ ವಿಜ್ಞಾನಿ ಪ್ಯಾಟ್ರಿಕ್ ಬೇಟ್ಸನ್ ಅವರು ಸಲ್ಲಿಸಿದ ವರದಿಯು ಸಮೀಪದ ರಕ್ತಸಂಬಂಧದ ಕೇಡನ್ನೂ, ಮರಿಗಳನ್ನು ಸರಕಿನಂತೆ ಉತ್ಪಾದಿಸುವವರ ನಿರ್ಲಕ್ಷ್ಯವನ್ನೂ ವಿಶದವಾಗಿ ವಿವರಿಸಿತು. ನೋಂದಣಿಯ ಪದ್ಧತಿ ಹುಟ್ಟಿ ನೂರ ಮೂವತ್ತೈದು ವರ್ಷಗಳಾದ ಮೇಲೆ, ಅದು ಹುಟ್ಟಿದ ದೇಶದಲ್ಲಿಯೇ, ನೋಂದಣಿಯೊಂದರಿಂದ ಆರೋಗ್ಯ ಬಾರದೆಂಬ ಅರಿವು ಹೀಗೆ ಮೂಡಿರುವಾಗ, ನಾವು ಅವರ ಹಳೆಯ ನಂಬಿಕೆಯನ್ನು ಹೊಸದಾಗಿ ತಂದು ತಲೆಯ ಮೇಲೆ ಹೊತ್ತುಕೊಳ್ಳಬೇಕೆ?

ತಳಿಗಳನ್ನು ಕಟ್ಟಿದವರ ಆದರ್ಶವೂ ಕಾಗದವಾಗಿರಲಿಲ್ಲ. ಜರ್ಮನ್ ಶೆಫರ್ಡ್ ತಳಿಯ ಸಂಘವನ್ನು 1899ರಲ್ಲಿ ಸ್ಥಾಪಿಸಿದ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಸೇನಾಧಿಕಾರಿಯು ಒಂದು ಪ್ರದರ್ಶನದಲ್ಲಿ ಕಂಡ ಕುರಿಕಾಯುವ ನಾಯಿಯ ಗಟ್ಟಿಯಾದ ಮೈಕಟ್ಟನ್ನೂ ಬುದ್ಧಿಯನ್ನೂ ಮೆಚ್ಚಿ ಅದನ್ನು ಕೊಂಡು, ತನ್ನ ವಂಶಗ್ರಂಥದ ಮೊದಲನೆಯ ಸ್ಥಾನವನ್ನು ಅದಕ್ಕೆ ಕೊಟ್ಟನು. ನಾಯಿಯ ಬೆಲೆಯಿರುವುದು ಅದರ ಉಪಯುಕ್ತತೆಯಲ್ಲಿ ಮತ್ತು ಬುದ್ಧಿಯಲ್ಲಿ ಎಂಬುದು ಅವನ ನಿಶ್ಚಯವಾಗಿತ್ತು. ನಮ್ಮ ನಾಡಿನ ಸಂಪ್ರದಾಯವೂ ಇದಕ್ಕೆ ಹೊರತಾದುದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ವೀರಗಲ್ಲು, ಕಾಡುಹಂದಿಯೊಡನೆ ಕಾದಾಡಿ ಅದನ್ನು ಕೊಂದು ತಾನೂ ಮಡಿದ ಕಾಳಿ ಎಂಬ ಬೇಟೆನಾಯಿಯ ಸ್ಮಾರಕ. ಗಂಗರ ಬೂತುಗನ ಆಳಾದ ಮಣಲೆರನು, ತಾನು ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಮೆಚ್ಚಿದ ಅರಸನು ಏನು ಬೇಕೆಂದು ಕೇಳಿದಾಗ, ಆ ನಾಯಿಯನ್ನೇ ಬೇಡಿ ಪಡೆದನೆಂದು ಶಾಸನ ಹೇಳುತ್ತದೆ. ಆ ಕಲ್ಲಿನಲ್ಲಿ ಕಾಳಿಯ ಹೆಸರಿದೆ, ಅದು ಕಾದಿದ ಎಡೆಯ ಹೆಸರಿದೆ, ಅದರ ಸಾವಿನ ವೃತ್ತಾಂತವಿದೆ. ಅದರ ತಂದೆತಾಯಿಗಳ ಪಟ್ಟಿಯಿಲ್ಲ. ನಾಯಿಯನ್ನು ಅದರ ಗುಣದಿಂದ ಅಳೆಯುವ ವಿವೇಕವು ಸಾವಿರ ವರ್ಷಗಳ ಹಿಂದೆಯೇ ಕನ್ನಡನಾಡಿನಲ್ಲಿತ್ತು.

ಹಾಗಾದರೆ ಗುಣವನ್ನು ಅಳೆಯುವುದು ಹೇಗೆ? ಕೀಲಿನ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್, ರಾಟ್‌ವೈಲರ್ ಮುಂತಾದ ದೊಡ್ಡ ತಳಿಗಳಲ್ಲಿ ತೊಡೆಮೂಳೆಯ ತಲೆಯು ಸೊಂಟದ ಗುಳಿಯಲ್ಲಿ ಸರಿಯಾಗಿ ಕೂರದೆ ಸಡಿಲವಾಗಿ ಉಜ್ಜಿ ಸವೆಯುವ ಹಿಪ್ ಡಿಸ್‌ಪ್ಲೇಸಿಯಾ ಎಂಬ ದೋಷವುಂಟು. ಇದು 1935ರಷ್ಟು ಹಿಂದೆಯೇ ನಾಯಿಗಳಲ್ಲಿ ಗುರುತಿಸಲ್ಪಟ್ಟಿತು. ದೋಷವುಳ್ಳ ನಾಯಿಯು ಎಳವೆಯಲ್ಲಿ ಎಲ್ಲ ಮರಿಗಳಂತೆಯೇ ಕುಣಿದಾಡಬಹುದು. ಸಡಿಲ ಕೀಲಿನ ದೊಡ್ಡ ಮರಿಗಳಿಗೆ ಕಾಲೂರಲು ಹಿಡಿತವೇ ಸಿಗದ ನಮ್ಮ ನಗರದ ಮನೆಗಳ ನುಣುಪಾದ ಗ್ರಾನೈಟ್ ನೆಲದ ಮೇಲೆ ಅದು ಬೆಳೆದು, ಕೆಲವು ವರ್ಷಗಳೊಳಗೆ ಮೆಟ್ಟಿಲೇರಲಾರದೆ, ಮಲಗಿದಲ್ಲಿಂದ ಏಳಲಾರದೆ ಒದ್ದಾಡುವಾಗ ಮನೆಯವರಿಗೆ ಸತ್ಯ ತಿಳಿಯುತ್ತದೆ. ಈ ದೋಷವು ವಂಶದಲ್ಲಿ ಇಳಿದುಬರುವುದರಿಂದ, ಮರಿ ಹಾಕಿಸುವ ಮುನ್ನ ತಂದೆತಾಯಿಗಳಿಬ್ಬರ ಸೊಂಟದ ಎಕ್ಸ್-ರೇ ತೆಗೆಸಿ ತಜ್ಞರಿಂದ ಶ್ರೇಣಿ ನಿರ್ಣಯ ಮಾಡಿಸುವುದು ಹೊರದೇಶಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅಮೆರಿಕದಲ್ಲಿ 1966ರಲ್ಲಿ ಇದಕ್ಕಾಗಿಯೇ ಒಂದು ಪ್ರತಿಷ್ಠಾನ ಸ್ಥಾಪಿತವಾಗಿ, ನಾಯಿಗೆ ಎರಡು ವರ್ಷ ತುಂಬಿದ ಮೇಲೆಯೇ ಅಂತಿಮ ನಿರ್ಣಯ ಕೊಡುವ ನಿಯಮವನ್ನಿಟ್ಟುಕೊಂಡಿದೆ. ಇಂತಹ ಪರೀಕ್ಷೆಯು ಮರಿಗೆ ದೋಷ ಬರುವುದೇ ಇಲ್ಲವೆಂಬ ಅಭಯವನ್ನು ಕೊಡಲಾರದು, ಏಕೆಂದರೆ ಅನೇಕ ವಂಶವಾಹಿಗಳೂ ಆಹಾರ ವ್ಯಾಯಾಮಗಳೂ ಅದರಲ್ಲಿ ಸೇರಿವೆ; ಆದರೆ ಅದು ಸಂಭವವನ್ನು ತಗ್ಗಿಸುತ್ತದೆ. ಡಾಬರ್‌ಮನ್ನಿನಲ್ಲಿ ಹೃದಯದ ಸ್ನಾಯು ಹಿಗ್ಗಿ ದುರ್ಬಲವಾಗುವ ರೋಗ, ಲ್ಯಾಬ್ರಡಾರಿನಲ್ಲಿ ಅಕ್ಷಿಪಟಲ ಕ್ರಮೇಣ ಸವೆದು ಕುರುಡಾಗುವ ರೋಗ, ಡಾಲ್ಮೇಷಿಯನ್ನಿನಲ್ಲಿ ಹುಟ್ಟುಗಿವುಡು, ಹೀಗೆ ತಳಿತಳಿಗೂ ತನ್ನದೇ ಆದ ಅಪಾಯಗಳುಂಟು. ತಾನು ಬೆಳೆಸುವ ತಳಿಯ ಅಪಾಯಗಳಾವುವೆಂದು ಕೇಳಿದಾಗ ನಿಸ್ಸಂಕೋಚವಾಗಿ ಹೇಳಿ, ಅವುಗಳಿಗಾಗಿ ತಾನು ಮಾಡಿಸಿದ ಪರೀಕ್ಷೆಯ ಫಲಿತಾಂಶಗಳನ್ನು ತೆಗೆದು ತೋರಿಸುವವನು ಹೊಣೆಯರಿತ ಬ್ರೀಡರ್. ತನ್ನ ನಾಯಿಗಳಿಗೆ ಯಾವ ಕಾಯಿಲೆಯೂ ಇಲ್ಲವೆಂದು ಆಣೆ ಮಾಡಿ, ಪ್ರಶ್ನೆಗೆ ಉತ್ತರವಾಗಿ ವಂಶಪತ್ರಿಕೆಯನ್ನು ಮುಂದೆ ಹಿಡಿಯುವವನಿಂದ ದೂರವಿರುವುದೇ ಲೇಸು.

ಪೇಪರಿನ ಮೋಹಕ್ಕೆ ಒಡಹುಟ್ಟಾದ ಇನ್ನೊಂದು ತಪ್ಪುನಂಬಿಕೆಯಿದೆ: ಮರಿಯನ್ನು ಎಷ್ಟು ಎಳೆಯದಾಗಿ ತಂದರೆ ಅಷ್ಟು ಚೆನ್ನಾಗಿ ಮನೆಗೆ ಹೊಂದಿಕೊಳ್ಳುವುದು ಎಂಬುದು. ಈ ನಂಬಿಕೆಯಿಂದ ಮೂವತ್ತು ಮೂವತ್ತೈದು ದಿನಗಳ, ಹಲ್ಲು ಸರಿಯಾಗಿ ಬಲಿಯದ ಮರಿಗಳು ತಾಯಿಯಿಂದ ಅಗಲಿ ರಟ್ಟಿನ ಪೆಟ್ಟಿಗೆಗಳಲ್ಲಿ ಊರೂರಿಗೆ ಸಾಗುತ್ತಿವೆ. ಅಮೆರಿಕದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿದ್ವಾಂಸರು ಹಲವು ವರ್ಷಗಳ ಪ್ರಯೋಗಗಳ ಫಲವಾಗಿ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಅವಧಿಯು ನಾಯಿಯ ಸಾಮಾಜಿಕ ಸ್ವಭಾವ ರೂಪುಗೊಳ್ಳುವ ನಿರ್ಣಾಯಕ ಕಾಲವೆಂದು ತೋರಿಸಿದರು. ಆ ಕಾಲದ ಮೊದಲ ಅರ್ಧದಲ್ಲಿ ಮರಿಗೆ ಗುರುವಾಗಿರುವುದು ತಾಯಿ ಮತ್ತು ಒಡಹುಟ್ಟಿದ ಮರಿಗಳು. ಆಟದಲ್ಲಿ ಜೋರಾಗಿ ಕಚ್ಚಿದರೆ ಆಟ ನಿಲ್ಲುತ್ತದೆ, ತಾಯಿ ಗದರುತ್ತದೆ. ಹಲ್ಲಿನ ಬಲವನ್ನು ಹಿಡಿತದಲ್ಲಿಟ್ಟುಕೊಳ್ಳುವುದನ್ನು ಮರಿ ಕಲಿಯುವುದು ಹೀಗೆ. ಈ ಪಾಠವನ್ನು ತಪ್ಪಿಸಿ ತಂದ ಮರಿ ಮುಂದೆ ಮಕ್ಕಳ ಕೈಯನ್ನು ಕಚ್ಚಿದರೆ ‘ಈ ತಳಿಯೇ ಕೆಟ್ಟದ್ದು’ ಎಂದು ದೂರುವವರು, ಅದನ್ನು ಶಾಲೆಗೆ ಹೋಗಗೊಡದೆ ಕರೆತಂದವರು ತಾವೇ ಎಂಬುದನ್ನು ಮರೆಯುತ್ತಾರೆ.

ದೇಹಾರೋಗ್ಯದ ದೃಷ್ಟಿಯಿಂದಲೂ ಈ ಅವಸರ ಘಾತುಕವಾದುದು. 1978ರ ಸುಮಾರಿಗೆ ಜಗತ್ತಿನ ಅನೇಕ ಭಾಗಗಳಲ್ಲಿ ಒಮ್ಮೆಲೇ ಕಾಣಿಸಿಕೊಂಡ ಪಾರ್ವೋ ರೋಗವು ಇಂದಿಗೂ ನಮ್ಮ ಊರುಗಳಲ್ಲಿ ಎಳೆಯ ಮರಿಗಳ ಪಾಲಿನ ಮೃತ್ಯುವಾಗಿದೆ. ರಕ್ತಮಿಶ್ರಿತ ಭೇದಿಯಿಂದ ಎರಡು ಮೂರು ದಿನಗಳಲ್ಲಿ ಮರಿ ಬತ್ತಿಹೋಗುತ್ತದೆ. ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆ ವಾರವಾರಕ್ಕೂ ಕ್ಷೀಣಿಸುತ್ತ ಬರುತ್ತದೆ. ಅದು ಉಳಿದಿರುವವರೆಗೆ ಲಸಿಕೆ ಪೂರ್ತಿಯಾಗಿ ಹಿಡಿಯುವುದಿಲ್ಲ. ಆದುದರಿಂದಲೇ ಆರನೆಯ ಎಂಟನೆಯ ವಾರದಿಂದ ಆರಂಭಿಸಿ ಹದಿನಾರು ವಾರ ತುಂಬುವವರೆಗೆ ಮೂರು ನಾಲ್ಕು ವಾರಗಳಿಗೊಮ್ಮೆ ಲಸಿಕೆಯನ್ನು ಮತ್ತೆ ಮತ್ತೆ ಕೊಡುತ್ತಾರೆ. ಜಂತು ಔಷಧಿಯನ್ನೂ ಕಾಣದ, ಒಂದು ಲಸಿಕೆಯೂ ಆಗದ ಮರಿಯನ್ನು ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಸಾಗಿಸಿ, ಹತ್ತು ಕಡೆಯ ಮರಿಗಳು ಬೆರೆಯುವ ಅಂಗಡಿಯ ಪಂಜರದಲ್ಲಿ ಕೂಡುವುದೆಂದರೆ ರೋಗವನ್ನು ಕೈಬೀಸಿ ಕರೆದಂತೆಯೇ. ಅಂತಹ ಮರಿಯ ಮುಖವನ್ನು ನೋಡಿ ಕನಿಕರಗೊಂಡು, ಬದುಕಿಸೋಣವೆಂದು ಹಣ ಕೊಟ್ಟು ಬಿಡಿಸಿ ತರುವ ಸಹೃದಯರಿಗೂ ನಾನು ವಿನಯಪೂರ್ವಕವಾಗಿ ಹೇಳಬೇಕಾದುದಿದೆ: ಅವರು ಬಿಡಿಸಿದ ಪಂಜರವು ಬರಿದಾಗಿರುವುದು ನಾಳೆ ಬೆಳಗಾಗುವವರೆಗೆ ಮಾತ್ರ, ಅವರ ಹಣವೇ ಇನ್ನೊಂದು ಮರಿಯನ್ನು ಅಲ್ಲಿಗೆ ತರುತ್ತದೆ.

ಇನ್ನು ತಾಯಿಯ ಮಾತು. ಈ ವ್ಯವಹಾರದಲ್ಲಿ ಅತ್ಯಂತ ಹೆಚ್ಚು ನೋಯುವ ಜೀವವೂ, ಕೊಳ್ಳುವವನ ಕಣ್ಣಿಗೆ ಎಂದೂ ಬೀಳದ ಜೀವವೂ ಅದೇ. ಹೆಣ್ಣುನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಬೆದೆಗೆ ಬರುತ್ತದೆ. ಗರ್ಭಕಾಲ ಸುಮಾರು ಅರವತ್ತಮೂರು ದಿನ. ಲಾಭವೊಂದನ್ನೇ ನೋಡುವವನು ಪ್ರತಿ ಬೆದೆಯಲ್ಲಿಯೂ ಗಂಡಿಗೆ ಬಿಟ್ಟು, ಹೆತ್ತ ಮರಿಗಳನ್ನು ತಿಂಗಳು ತುಂಬುವುದರೊಳಗೆ ಕಿತ್ತು ಮಾರಿ, ಮೈಯ ಸತ್ತ್ವವೆಲ್ಲ ಬಸಿದುಹೋದ ಮೇಲೆ ಅದನ್ನು ಬೀದಿಗಟ್ಟುತ್ತಾನೆ. ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್ 6ರಿಂದ ಜಾರಿಗೆ ಬಂದ ‘ಲೂಸಿಯ ಕಾನೂನು’ ಹೆಸರು ಪಡೆದುದು ಇಂತಹದೇ ಒಂದು ತಾಯಿಯಿಂದ. ವೇಲ್ಸ್ ಪ್ರಾಂತದ ಮರಿ ಉತ್ಪಾದನಾ ಕೇಂದ್ರವೊಂದರಿಂದ 2013ರಲ್ಲಿ ಬಿಡುಗಡೆಗೊಂಡ ಲೂಸಿ ಎಂಬ ಕ್ಯಾವಲಿಯರ್ ನಾಯಿ ಸತತ ಹೆರಿಗೆಯಿಂದ ಜರ್ಜರಿತವಾಗಿತ್ತು. ಆರು ತಿಂಗಳೊಳಗಿನ ಮರಿಯನ್ನು, ಅದನ್ನು ಹುಟ್ಟಿಸಿ ಬೆಳೆಸಿದವನ ಹೊರತು ನಡುವಣ ವ್ಯಾಪಾರಿ ಯಾವನೂ ಮಾರಕೂಡದೆಂಬುದು ಆ ಕಾನೂನಿನ ಸಾರ. ಕೊಳ್ಳುವವನು ಮರಿಯನ್ನು ತಾಯಿಯ ಬಳಿಯಲ್ಲಿಯೇ ನೋಡುವಂತಾಗಬೇಕೆಂಬುದು ಅದರ ಆಶಯ. ನಮ್ಮಲ್ಲಿ ಕಾನೂನು ಅಷ್ಟು ದೂರ ಹೋಗದಿದ್ದರೂ, ಕೊಳ್ಳುವವನು ತಾನಾಗಿಯೇ ಅಷ್ಟು ದೂರ ಹೋಗುವುದಕ್ಕೆ ಅಡ್ಡಿಯೇನು? ತಾಯಿಯನ್ನು ತೋರಿಸದಿರಲು ನೂರು ನೆಪ ಹೇಳಿ, ದೂರವಾಣಿಗೆ ಚಿತ್ರ ಕಳುಹಿಸುವವನಿಂದ ಕೊಳ್ಳಬಾರದು. ಎಂಟು ಹತ್ತು ತಳಿಗಳ ಮರಿಗಳು ವರ್ಷದ ಯಾವ ದಿನ ಕೇಳಿದರೂ ಸಿದ್ಧವಾಗಿರುವ ಕಡೆಯಿಂದಲೂ ಕೊಳ್ಳಬಾರದು. ತಾಯಂದಿರಿಗೆ ವಿಶ್ರಾಂತಿ ಕೊಡುವವನಲ್ಲಿ ಮರಿಗಾಗಿ ಕಾಯಬೇಕಾಗುವುದು ಅನಿವಾರ್ಯ.

ಜಾಹೀರಾತೂ ಸಿನಿಮಾವೂ ಎಬ್ಬಿಸುವ ಮೋಹದ ಅಲೆಗಳಲ್ಲಿ ಈ ಹೊಣೆಗೇಡಿತನವು ಹೇಗೆ ಕೊಬ್ಬುತ್ತದೆಂಬುದನ್ನು ನಾವು ಕಂಡಿದ್ದೇವೆ. 2003ರಲ್ಲಿ ದೂರವಾಣಿ ಸಂಸ್ಥೆಯೊಂದರ ಜಾಹೀರಾತಿನಲ್ಲಿ ಬಾಲಕನ ಹಿಂದೆ ಹಿಂದೆ ನಡೆದ ಪಗ್ ನಾಯಿಯು ದೇಶದ ಮನೆಮನೆಯ ಬಯಕೆಯಾಯಿತು; ಆ ಚಪ್ಪಟೆ ಮುಖದ ಒಳಗೆ ಕಿರಿದಾದ ಮೂಗಿನ ಹೊಳ್ಳೆಗಳೂ ಉದ್ದವಾದ ಮೃದು ಅಂಗುಳೂ ಉಸಿರಾಟಕ್ಕೆ ಅಡ್ಡಬಂದು, ಬೇಸಗೆಯ ಬಿಸಿಲಿನಲ್ಲಿ ಮೈಯ ಕಾವನ್ನು ಹೊರಹಾಕಲಾರದೆ ನಾಯಿಯು ಏದುಸಿರು ಬಿಡುತ್ತ ಕುಸಿಯುವುದನ್ನು ಜಾಹೀರಾತು ತೋರಿಸಲಿಲ್ಲ. ಆಮೇಲೆ ಸೈಬೀರಿಯದ ಹಿಮಕ್ಕಾಗಿ ಎರಡು ಪದರದ ತುಪ್ಪಳವನ್ನು ಪಡೆದ ಹಸ್ಕಿಗಳು ಕಲಬುರಗಿ ಬಳ್ಳಾರಿಗಳ ಬಿಸಿಲಿಗೆ ಬಂದವು. ಇಂತಹ ಸಂದರ್ಭದಲ್ಲಿ ಕೊಳ್ಳಬಂದವನಿಗೆ ‘ನಿಮ್ಮ ಊರಿಗೆ, ನಿಮ್ಮ ಮನೆಗೆ ಈ ನಾಯಿ ತಕ್ಕುದಲ್ಲ’ ಎಂದು ಹೇಳಿ ಹಣವನ್ನು ಹಿಂದಿರುಗಿಸುವವನೇ ನಿಜವಾದ ಬ್ರೀಡರ್. ದೇಶೀಯ ತಳಿಗಳ ಅಭಿಮಾನಿಗಳೂ ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ನಮ್ಮ ಮುಧೋಳದ ಬೇಟೆನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವ ದೊರೆಯಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾನಿಲಯದ ಸಂಶೋಧನಾ ಕೇಂದ್ರ ಏರ್ಪಟ್ಟಿತು. ಮರಿಗಳು ಸೈನ್ಯಕ್ಕೂ ಸೇರಿದವು. ಇವೆಲ್ಲ ಹೆಮ್ಮೆಯ ಸಂಗತಿಗಳು. ಆದರೆ ಬಾಗಲಕೋಟೆಯ ಬಯಲಿನಲ್ಲಿ ಮೊಲವನ್ನಟ್ಟಿ ಓಡುವುದಕ್ಕಾಗಿ ತಲೆಮಾರುಗಳಿಂದ ರೂಪುಗೊಂಡ ಮೈಯನ್ನು ಬಹುಮಹಡಿ ಕಟ್ಟಡದ ಬಾಲ್ಕನಿಯಲ್ಲಿ ಸರಪಳಿ ಹಾಕಿ ಕಟ್ಟುವುದು ದೇಶಾಭಿಮಾನವಾಗಲಾರದು. ದೇಶೀಯವೆಂಬ ಬಿರುದೂ ವಿದೇಶೀಯ ಪೇಪರಿನಂತೆಯೇ ಕುರುಡು ಪ್ರಮಾಣವಾದರೆ ಕೆಡುಕು ಒಂದೇ.

ನನ್ನ ಮಾತಿಗೆ ಎದುರಾಗಿ ಬರುವ ಆಕ್ಷೇಪಣೆಗಳಲ್ಲಿ ಮೂರನ್ನು ವಿಚಾರಿಸುವುದು ಅವಶ್ಯಕ. ಮೊದಲನೆಯದು, ಪರೀಕ್ಷೆ ಲಸಿಕೆ ವಿಶ್ರಾಂತಿಗಳೆಂದು ಹೊರಟರೆ ಮರಿಯ ಬೆಲೆ ಏರಿ ಬಡವನಿಗೆ ಎಟುಕದೆ ಹೋಗುವುದು ಎಂಬುದು. ಬೆಲೆ ಸ್ವಲ್ಪ ಏರುವುದು ನಿಜ. ಆದರೆ ಕೀಲಿನ ಶಸ್ತ್ರಚಿಕಿತ್ಸೆಗೂ, ಪಾರ್ವೋ ಬಂದ ಮರಿಗೆ ಹಗಲಿರುಳು ಡ್ರಿಪ್ ಹಾಕಿಸುವುದಕ್ಕೂ ತೆರಬೇಕಾಗುವ ಹಣವನ್ನು ಕಂಡವರು ಅಗ್ಗದ ಮರಿಯನ್ನು ಅಗ್ಗವೆನ್ನಲಾರರು. ಬಡವನಾದರೂ ನಾಯಿಯ ಸಹವಾಸವನ್ನು ಬಯಸುವವನಿಗೆ ನಮ್ಮ ಬೀದಿಯ ನಾಯಿಮರಿ ಸಿದ್ಧವಾಗಿದೆ. ಈ ನೆಲಕ್ಕೂ ಹವೆಗೂ ಒಗ್ಗಿದ ಗಟ್ಟಿಜೀವ ಅದು.

ಎರಡನೆಯ ಆಕ್ಷೇಪಣೆ ಹುಟ್ಟುವುದು ಇಲ್ಲಿಂದಲೇ: ಬೀದಿಗಳಲ್ಲಿ ಇಷ್ಟು ನಾಯಿಗಳು ಅನಾಥವಾಗಿರುವಾಗ ಮರಿಯನ್ನು ಕೊಳ್ಳುವುದೇ ಅಧರ್ಮ, ಒಳ್ಳೆಯ ಬ್ರೀಡರ್ ಎಂಬವನೇ ಇಲ್ಲ ಎಂಬ ಕರುಣಾಳುಗಳ ವಾದ. ಅವರ ಕರುಣೆಗೆ ನಾನು ತಲೆಬಾಗುತ್ತೇನೆ. ಬೀದಿಯ ಮರಿಯನ್ನು ಎತ್ತಿಕೊಂಡವನು ನನಗಿಂತ ದೊಡ್ಡವನು. ಆದರೆ ಒಳ್ಳೆಯವನನ್ನೂ ಕೆಟ್ಟವನನ್ನೂ ಒಂದೇ ತಕ್ಕಡಿಯಲ್ಲಿಟ್ಟು ಖಂಡಿಸಿದರೆ ಲಾಭವಾಗುವುದು ಕೆಟ್ಟವನಿಗೆ. ಏಕೆಂದರೆ ಕೊಳ್ಳುವವರು ಕೊಳ್ಳುತ್ತಲೇ ಇರುತ್ತಾರೆ, ಆರಿಸಿಕೊಳ್ಳುವ ವಿವೇಕ ಮಾತ್ರ ಅವರಿಗೆ ದೊರೆಯದೆ ಹೋಗುತ್ತದೆ. 1991ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕ್ಯೂಪಾದಂತಹ ಪ್ರಾಣಿರಕ್ಷಣಾ ಸಂಸ್ಥೆಗಳ ಆಶ್ರಯಕ್ಕೆ ಇಂದು ಬೀದಿಯ ನಾಯಿಗಳೊಡನೆ ಜಾತಿನಾಯಿಗಳೂ ಬಂದು ಸೇರುತ್ತಿರುವುದಕ್ಕೆ, ಮಾರಿದ ಮರುಕ್ಷಣ ಮರಿಯನ್ನು ಮರೆಯುವ ಮಾರಾಟಗಾರರೂ, ವಿಚಾರಿಸದೆ ಕೊಂಡು ಬೇಸತ್ತು ಬಿಡುವ ಒಡೆಯರೂ ಕಾರಣ. ಯಾವ ಕಾರಣದಿಂದ ಸಾಕಲಾಗದೆ ಹೋದರೂ ನಾಯಿಯನ್ನು ತನಗೇ ಹಿಂದಿರುಗಿಸಬೇಕೆಂದು ಕರಾರು ಬರೆಯಿಸಿಕೊಳ್ಳುವ ಬ್ರೀಡರಿನ ಮರಿಗಳು ಆ ಆಶ್ರಯಗಳನ್ನು ತುಂಬುವುದಿಲ್ಲ.

ಮೂರನೆಯದು, ಇವೆಲ್ಲ ಸರ್ಕಾರದ ಕೆಲಸ, ಕೊಳ್ಳುವವನಿಗೆ ಏಕೆ ಈ ಹೊರೆ ಎಂಬುದು. ಸರ್ಕಾರವು ತನ್ನ ಕೆಲಸವನ್ನು ಕಾಗದದಲ್ಲಿ ಮಾಡಿದೆ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಅಧಿನಿಯಮದ ಕೆಳಗೆ 2017ರಲ್ಲಿ ನಾಯಿತಳಿಗಳ ಸಂವರ್ಧನೆ ಮತ್ತು ಮಾರಾಟದ ನಿಯಮಗಳು ಹೊರಟಿವೆ. ಬ್ರೀಡರ್ ಆದವನು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಹದಿನೆಂಟು ತಿಂಗಳು ತುಂಬದ ಹೆಣ್ಣಿಗೆ ಮರಿ ಹಾಕಿಸಕೂಡದು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಕೂಡದು. ಮಾರುವ ನಾಯಿಗೆ ಮೈಕ್ರೋಚಿಪ್ ಹಾಕಿಸಿರಬೇಕು. ಈ ಸರ್ಕಾರಿ ನೋಂದಣಿಗೂ ಕೆನಲ್ ಕ್ಲಬ್ಬಿನ ಪೇಪರಿಗೂ ಸಂಬಂಧವಿಲ್ಲವೆಂಬುದನ್ನೂ, ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಇರುವುದೆಂದು ಭಾವಿಸಲಾಗದೆಂಬುದನ್ನೂ ವಾಚಕರು ಗಮನಿಸಬೇಕು. ಪೇಪರ್ ಕೇಳುವ ಸಾವಿರ ಜನರಲ್ಲಿ ಮಂಡಳಿಯ ನೋಂದಣಿ ಪತ್ರವನ್ನು ಕೇಳುವವರು ವಿರಳ. ಸಣ್ಣ ಮನೆಗಳ ಒಳಕೋಣೆಗಳಲ್ಲಿ ನಡೆಯುವ ಈ ಕಸುಬನ್ನು ಮನೆಮನೆಗೆ ಹೋಗಿ ಪರಿಶೀಲಿಸುವುದು ಯಾವ ಮಂಡಳಿಗೂ ಸುಲಭವಲ್ಲ. ಆ ಮನೆಯ ಬಾಗಿಲನ್ನು ತಟ್ಟುವವನು, ಒಳಗೆ ಕರೆದು ಕೂರಿಸಲ್ಪಡುವವನು, ಹಣವನ್ನು ಕೈಯಲ್ಲಿ ಹಿಡಿದು ನಿಂತವನು ಕೊಳ್ಳುವವನೇ. ಕಾನೂನಿಗೆ ಇಲ್ಲದ ಕಣ್ಣು ಅವನಿಗುಂಟು.

ಆದುದರಿಂದ ಸಿದ್ಧಾಂತವಾಗಿ ನಾನು ಹೇಳುವುದಿಷ್ಟು. ಬ್ರೀಡರನ್ನು ಆರಿಸುವುದೆಂದರೆ ಒಬ್ಬ ಮನುಷ್ಯನನ್ನು ಆರಿಸುವುದು. ಅವನ ಮನೆಗೆ ಹೋಗಿ ತಾಯಿಯನ್ನು ನೋಡಿ. ಅದು ಒಡೆಯನ ಕೈಗೆ ಅಂಜಿ ಮುದುಡುವುದೋ, ಬಾಲವಾಡಿಸಿ ಬರುವುದೋ ಗಮನಿಸಿ. ಎಷ್ಟನೆಯ ಸೂಲೆಂದು ಕೇಳಿ. ಪರೀಕ್ಷೆಯ ವರದಿಗಳನ್ನು ಕೇಳಿ. ಪಶುವೈದ್ಯರ ಸಹಿಯುಳ್ಳ ಲಸಿಕೆಯ ಪುಸ್ತಕವನ್ನು ಕೇಳಿ. ಮಂಡಳಿಯ ನೋಂದಣಿಯನ್ನು ಕೇಳಿ. ಇವೆಲ್ಲ ಆದ ಮೇಲೆ, ಬೇಕೆನಿಸಿದರೆ, ಪೇಪರನ್ನೂ ಕೇಳಿ. ಅವನೂ ನಿಮ್ಮನ್ನು ಪ್ರಶ್ನಿಸುವನೇ ಎಂಬುದನ್ನು ನೋಡಿ: ಹಗಲು ಮನೆಯಲ್ಲಿ ಯಾರಿರುತ್ತಾರೆ, ಈ ಮೊದಲು ನಾಯಿ ಸಾಕಿದ್ದೀರಾ, ಅದು ಏನಾಯಿತು, ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ ಎಂದು ಅವನು ಕೇಳಿದರೆ ಸಿಟ್ಟಾಗಬೇಡಿ; ಮರಿಯನ್ನು ಯಾರಿಗೆ ಕೊಡುತ್ತಿದ್ದೇನೆಂಬ ಚಿಂತೆ ಇಲ್ಲದವನಿಗೆ ಅದು ಹೇಗೆ ಹುಟ್ಟಿತೆಂಬ ಚಿಂತೆಯೂ ಇರುವುದಿಲ್ಲ. ಒಂದು ಹೆಣ್ಣುನಾಯಿಯನ್ನು ಪ್ರೀತಿಯಿಂದ ಸಾಕಿ, ಒಮ್ಮೆ ಮರಿ ಹಾಕಿಸೋಣವೆಂದು ಆಸೆಪಡುವ ನೆರೆಮನೆಯವರಿಗೂ ಇದೇ ಅಳತೆಗೋಲು ಸಲ್ಲುತ್ತದೆ, ಏಕೆಂದರೆ ಪ್ರೀತಿಯು ಪರೀಕ್ಷೆಗೆ ಬದಲಾಗಲಾರದು.

ಕೊಳ್ಳುವವರು ಕಾಗದವನ್ನು ಕೇಳಿದರು, ಮಾರುಕಟ್ಟೆ ಕಾಗದವನ್ನು ಒದಗಿಸಿತು; ಅವರು ಎಳೆಯ ಮರಿಯನ್ನು ಕೇಳಿದರು, ಮಾರುಕಟ್ಟೆ ಹಾಲುಬಾಯಿಯ ಮರಿಯನ್ನು ತಂದಿತ್ತಿತು; ಅವರು ಇಂದೇ ಬೇಕೆಂದರು, ತಾಯಂದಿರಿಗೆ ಬಿಡುವಿಲ್ಲದಂತಾಯಿತು. ಇದೇ ಜನ ಆರೋಗ್ಯವನ್ನೂ ತಾಯಿಯ ಕ್ಷೇಮವನ್ನೂ ಕೇಳತೊಡಗಿದರೆ, ಅವನ್ನು ಒದಗಿಸಲಾರದವನು ಕಸುಬು ಬಿಡಬೇಕಾಗುತ್ತದೆ, ಒದಗಿಸಬಲ್ಲವನು ಗೌರವದಿಂದ ಬಾಳುತ್ತಾನೆ. ಈ ಶಕ್ತಿ ಕೈಯಲ್ಲಿದ್ದೂ ಅದನ್ನು ಬಳಸದೆ, ಕೆಲವು ತಿಂಗಳು ಕಾಯುವ ತಾಳ್ಮೆಯಿಲ್ಲದೆ, ನಾಲ್ಕು ಪ್ರಶ್ನೆ ಕೇಳುವ ಶ್ರಮಕ್ಕೆ ಹಿಂಜರಿಯುವವನು, ಹತ್ತು ವರ್ಷಗಳ ಪಾಲನೆಗೆ ಬೇಕಾದ ತಾಳ್ಮೆ ತನ್ನಲ್ಲಿಲ್ಲವೆಂಬುದನ್ನು ತಾನೇ ತೋರಿಸಿಕೊಟ್ಟಂತೆ. ಅಂತಹವನು ಎಷ್ಟು ಬೆಲೆ ಕೊಡಬಲ್ಲವನಾದರೂ ನಾಯಿಮರಿಯನ್ನು ಕೊಳ್ಳಬಾರದು, ಅವನಿಗೆ ಯಾರೂ ಮಾರಲೂಬಾರದು.